ಟ್ಯಾಂಕಿನ ಮುಚ್ಚಳಕ್ಕೆ ಹಚ್ಚಿದ ವಿಭೂತಿ

ಡೀಸೆಲ್ ಲಾರಿ ನಿಂತರೆ ಮೊದಲು ಹೊಗೆ ನೋಡಬೇಕು, ಆಮೇಲೆ ಬೇಕಾದರೆ ಡ್ರೈವರನ್ನು ಬೈಯಬೇಕು. ನನ್ನ ಅಣ್ಣನ ಮಗ ಶರಣಪ್ಪ ಕಳೆದ ವಾರ ಮೊದಲು ಬೈದ. (ಹೊಗೆ ನೋಡುವ ಅಭ್ಯಾಸ ಅವನಿಗೆ ಒಲೆಯ ಮುಂದೆಯೂ ಇಲ್ಲ.)

ಲಾರಿ ಅವನದೇ. ಕಾಲುವೆ ಕೆಲಸದಲ್ಲಿ ಯಾರೋ ದುಡಿಸಿ ಬಿಟ್ಟದ್ದನ್ನು ಕೊಂಡಿದ್ದಾನೆ. ಓಡಿಸುವವನು ಹುಸೇನಸಾಬ. ಸಿಂಧನೂರಿನಿಂದ ಶೇಂಗಾ ಚೀಲ ಹೇರಿಕೊಂಡು ಲಿಂಗಸುಗೂರಿಗೆ ಹೊರಟಿತ್ತು. ಅಲ್ಲಿ ನನ್ನ ಮಗಳ ಮನೆ. ನಾನೂ ಹತ್ತಿದೆ.

ಬೆಳಿಗ್ಗೆ ಚಳಿ ಇತ್ತು. ಸ್ಟಾರ್ಟರ್ ಒತ್ತಿದಷ್ಟೂ ಇಂಜಿನ್ ಕೆಮ್ಮಿತು, ಹಿಂದಿನ ಕೊಳವೆಯಿಂದ ಬಿಳಿ ಹೊಗೆ ಬಂತು. ಬಿಳಿ ಹೊಗೆಗೆ ಹೆದರಬೇಡಿ. ಡೀಸೆಲ್ ಒಳಗೆ ಹೋಗುತ್ತಿದೆ, ಚಳಿಗೆ ಹೊತ್ತುತ್ತಿಲ್ಲ, ಅಷ್ಟೇ. ರೇಡಿಯೇಟರಿಗೆ ಬಿಸಿನೀರು ಹೊಯ್ದ ಮೇಲೆ ಹೊತ್ತಿತು. ಹೊಗೆಯೇ ಬರದಿದ್ದರೆ ಮಾತ್ರ ಚಿಂತೆ. ಆಗ ಇಂಜಿನ್ನಿಗೆ ಡೀಸೆಲ್ ಮುಟ್ಟುತ್ತಿಲ್ಲ ಎಂದು ತಿಳಿಯಿರಿ.

ಮಸ್ಕಿ ಇನ್ನೂ ದೂರ ಇರುವಾಗ ಅದೇ ಆಯಿತು. ಗಾಡಿ ನಿಂತಿತು. ಎಷ್ಟು ಒತ್ತಿದರೂ ಒಂದೆಳೆ ಹೊಗೆ ಇಲ್ಲ.

ಹುಸೇನಸಾಬ ಟ್ಯಾಂಕಿನ ಮುಚ್ಚಳ ತೆಗೆದು ಕೋಲು ಇಳಿಬಿಟ್ಟು ನೋಡಿದ. ಡೀಸೆಲ್ ಬೇಕಾದಷ್ಟಿತ್ತು. ಪೈಪಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಗಾಳಿಗುಳ್ಳೆ ಹೊರಗೆ ಬಿಟ್ಟ. ಗಾಡಿ ಹೊರಟಿತು. ಶರಣಪ್ಪ ತಾನೇ ಮುಚ್ಚಳ ಬಿಗಿ ಮಾಡಿ ಹತ್ತಿದ್ದ. ಸ್ವಲ್ಪ ದೂರಕ್ಕೆ ಮತ್ತೆ ನಿಂತಿತು.

“ನೋಡ್ ಅತ್ತಿ,” ಎಂದ ಶರಣಪ್ಪ. “ಇವ ಒಬ್ಬಾಂವ ಹೋದ್ರ ಗಾಡಿ ಎಲ್ಲೂ ನಿಂದ್ರೂದಿಲ್ಲ. ನಾ ಹತ್ತಿದ್ರ ನಿಂದರತೈತಿ. ಪೈಪಿನ್ಯಾಗ ಏನೋ ಮಾಡ್ಯಾನ. ನಾ ಬ್ಯಾಸತ್ತು ಮನ್ಯಾಗ ಕುಂದರಬೇಕು, ಇವ ಹಾದಿಯಾಗ ಡೀಸೆಲ್ ಮಾರ್ಕೋಬೇಕು.”

“ಪೈಪ್ ಮುಟ್ಟಿ ನೋಡ್ರಿ ಸಾವ್ಕಾರ್ರ. ಎಲ್ಲೂ ಹಸಿ ಇಲ್ಲ. ಸೋರಿಲ್ಲ.”

“ಲಿಂಗಸುಗೂರಿನ್ಯಾಗ ಕೀಲಿ ಕೊಟ್ಟು ಹೋಗು. ಬ್ಯಾರೆ ಡ್ರೈವರ್ ನೋಡ್ಕೋತೀನಿ.”

ಹುಸೇನಸಾಬ ಕೈ ಒರೆಸಿಕೊಂಡ. ಡೀಸೆಲ್ ಕಳ್ಳ ಎಂದು ಒಬ್ಬ ಮಾಲಿಕ ಬಿಡಿಸಿದವನಿಗೆ ಈ ಮೂರು ಊರುಗಳಲ್ಲಿ ಇನ್ನೊಬ್ಬ ಗಾಡಿ ಕೊಡುತ್ತಾನೆಯೇ? ಅವನಿಗೆ ಬೇರೆ ಕಸುಬು ಗೊತ್ತಿಲ್ಲ. ಮನೆ ತುಂಬ ಉಣ್ಣುವ ಬಾಯಿಗಳು.

ನಾನು ಇಳಿದು ಟ್ಯಾಂಕಿನ ಹತ್ತಿರ ನಿಂತೆ. “ಹುಸೇನ, ಮುಚ್ಚಳ ಇನ್ನೊಮ್ಮೆ ತೆಗಿ,” ಎಂದೆ. ತೆಗೆದ. ಸುಸ್ಸ್ ಎಂದು ಸದ್ದಾಯಿತು. ಗಾಳಿ ಹೊರಗೆ ಬರುವ ಸದ್ದಲ್ಲ, ಒಳಗೆ ನುಗ್ಗುವ ಸದ್ದು.

ನಾನು ಅಂಗಡಿಯಲ್ಲಿ ಡಬ್ಬಿ ಎಣ್ಣೆ ಮಾರಿ ಮುದುಕಿಯಾದವಳು. ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಅಂದು ನಿಂತುಬಿಡುತ್ತದೆ. ಗಾಳಿ ಹೋಗಲು ಇನ್ನೊಂದು ಹೊಡೆದರೆ ಧಾರೆಯಾಗಿ ಬರುತ್ತದೆ. ಟ್ಯಾಂಕಿಗೆ ಬೇರೆ ನ್ಯಾಯವೇ? ಮುಚ್ಚಳ ಕೈಗೆ ತೆಗೆದುಕೊಂಡು ತೂತು ಹುಡುಕಿದೆ.

ತೂತು ಇತ್ತು. ಅದರ ಮೇಲೆ ವಿಭೂತಿ ಇತ್ತು.

ಶರಣಪ್ಪ ಪ್ರತಿ ಸೋಮವಾರ ಲಾರಿಗೆ ಪೂಜೆ ಮಾಡುತ್ತಾನೆ. ದೀಪಕ್ಕೆ, ಸ್ಟೀರಿಂಗಿಗೆ, ಟ್ಯಾಂಕಿನ ಮುಚ್ಚಳಕ್ಕೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಪಟ್ಟೆ. ಹಳೆಯದನ್ನು ಒರೆಸುವುದಿಲ್ಲ, ಪಾಪ ಬರುತ್ತದಂತೆ. ಗೋಡೆಯ ಸುಣ್ಣದ ಹಾಗೆ ಪದರು ಕಟ್ಟಿತ್ತು. ಕುಪ್ಪಸದ ಪಿನ್ನು ತೆಗೆದು ಚುಚ್ಚಿದೆ.

“ಅತ್ತಿ, ಅದು ವಿಭೂತಿ,” ಎಂದ ಶರಣಪ್ಪ.

“ಗೊತ್ತೈತಿ. ನಿನ್ನ ಹಣಿಗೆ ಹಚ್ಕೋ. ಅಲ್ಲಿ ಮುಚ್ಚಾಕ ತೂತಿಲ್ಲ.”

ಮುಂದೆ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಮಸ್ಕಿಯಲ್ಲಿ ಚಹಾಕ್ಕೆ ನಾವೇ ನಿಲ್ಲಿಸಿದೆವು. ಶರಣಪ್ಪ ಯಾರನ್ನೋ ಮಾತಾಡಿಸಲು ಹೋದಾಗ ಕೇಳಿದೆ, “ಹುಸೇನ, ನಿನಗ ಗೊತ್ತಿತ್ತೇನು?”

“ಗೊತ್ತಿತ್ರಿ ಅಮ್ಮಾರ. ಒಬ್ನ ಹೋದಾಗ ಮುಚ್ಚಳ ಸಡ್ಲ ಬಿಡ್ತಿದ್ದೆ. ಸಾವ್ಕಾರ್ರು ಇದ್ರ ತಾವ ಬಿಗಿ ಮಾಡ್ತಾರ.”

“ಹೇಳಾಕ ಏನು ಧಾಡಿ ಆಗಿತ್ತು?”

ಕಪ್ಪಿನಲ್ಲಿ ಉಳಿದ ಚಹಾ ಚೆಲ್ಲಿದ. “ಕಳ್ಳ ಅನ್ನಿಸ್ಕೊಂಡ್ರ ಕೆಲಸ ಹೋಗ್ತದ್ರಿ. ಲಿಂಗಾಯತರ ವಿಭೂತಿ ಹುಸೇನಸಾಬ ಕೆರದ ಅನ್ನಿಸ್ಕೊಂಡ್ರ ಊರ ಬಿಡಬೇಕಾಗ್ತದ.”

ದಡ್ಡ ಎಂದು ಬೈಯಲು ಬಾಯಿ ತೆಗೆದಿದ್ದೆ. ಬೈಯಲಿಲ್ಲ. ನಿಜಾಮನ ಆಳ್ವಿಕೆ ಮುಗಿದ ವರ್ಷ ನಮ್ಮ ಸುತ್ತಿನ ಹಳ್ಳಿಗಳಲ್ಲಿ ಸಾಬರ ಮನೆಗಳಿಗೆ ಏನೇನಾಯಿತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಪಿನ್ನು ಚುಚ್ಚಿದರೆ ಮುದುಕಿಯ ಮೊಂಡುತನ. ಅವನು ಚುಚ್ಚಿದ್ದರೆ? ಅವನ ಲೆಕ್ಕ ಸರಿಯಾಗಿಯೇ ಇತ್ತು. ಲಾರಿ ಇಟ್ಟುಕೊಂಡವರು ಪೈಪು, ಪಂಪು ಎಲ್ಲ ತಪಾಸಣೆ ಮಾಡುತ್ತೀರಿ. ನಿಮ್ಮ ಡ್ರೈವರ್ ನಿಮಗೆ ಏನು ಹೇಳಲು ಹೆದರುತ್ತಾನೆ ಎಂದು ಯಾವತ್ತಾದರೂ ಕೇಳಿದ್ದೀರಾ?

ಲಿಂಗಸುಗೂರಿನಲ್ಲಿ ಚೀಲ ಇಳಿದವು. ಶರಣಪ್ಪ ಹೇಳಿದ್ದ ಹಾಗೆ ಹುಸೇನಸಾಬ ಕೀಲಿ ತಂದು ಮುಂದೆ ಹಿಡಿದ. ಶರಣಪ್ಪ ಅವನ ಮುಖ ನೋಡದೆ, “ಇರ್ಲಿ, ಇಟ್ಕೋ,” ಅಂದು ಶೇಂಗಾ ದಲಾಲರ ಅಡತಿ ಅಂಗಡಿಯೊಳಗೆ ಹೋದ.

‘ಇರಲಿ’ ಅಂದರೆ ‘ತಪ್ಪಾಯಿತು’ ಅಂದಂತಾಯಿತೇ?