ಭವಿತಾಳ ಸುಳ್ಯ

ನಮ್ಮ ಭವಿತಾ ಯಾರನ್ನೂ ಕ್ಷಮಿಸಿದವಳಲ್ಲ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ, ಮೆಚ್ಚಿ ಹೇಳುತ್ತಿದ್ದೇನೆ. ಕ್ಷಮಿಸಿ ಕ್ಷಮಿಸಿ ನಾನು ಕಂಡ ಸುಖ ಅಷ್ಟರಲ್ಲೇ ಇದೆ. ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಯವನೊಬ್ಬ ಅವಳಿಗೆ ಹಿಂದಿನ ದಿನದ ಪಫ್ಸ್ ಕೊಟ್ಟು, ಕೇಳಿದ್ದಕ್ಕೆ "ತಿನ್ನುದಾದ್ರೆ ತಿನ್ನಿ" ಎಂದಿದ್ದನಂತೆ. ಅಂದಿನಿಂದ ಅವಳು ಆ ಮೆಟ್ಟಿಲು ಹತ್ತಿಲ್ಲ, ನಮ್ಮನ್ನೂ ಹತ್ತಲು ಬಿಟ್ಟಿಲ್ಲ. ಆಫೀಸಿನಲ್ಲಿ ಯಾರ ಹುಟ್ಟುಹಬ್ಬ ಬಂದರೂ ಕೇಕು ದೂರದ ದರ್ಬೆಯ ಬೇಕರಿಯಿಂದಲೇ ಬರಬೇಕು. ಚಿಲ್ಲರೆ ಕೇಳಿ ಗದರಿದ ಕಂಡಕ್ಟರನ ಬಸ್ಸು ಬಂದರೆ ಮಳೆಯಲ್ಲೇ ನಿಂತು ಮುಂದಿನ ಬಸ್ಸಿಗೆ ಕಾಯುತ್ತಾಳೆ. ಅಂಥವಳ ಜೊತೆ ನಾನು ಇಷ್ಟು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಬಿಚ್ಚಿದ್ದೇನೆ ಎಂದರೆ ನನ್ನ ನಡತೆ ಎಷ್ಟು ಚೆನ್ನಾಗಿರಬೇಕು ನೋಡಿ.

ನಾನು ಸತ್ಯವತಿ. ಮನೆ ನರಿಮೊಗರು. ಪುತ್ತೂರಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದ ಆಫೀಸು ನೋಡಿಕೊಳ್ಳುವವಳು. ಭವಿತಾ ಸುಳ್ಯದವಳು. ಮನೆಯಲ್ಲಿ ಅರೆಭಾಷೆ, ನಮ್ಮೊಡನೆ ಕನ್ನಡ, ಮೀನು ಮಾರುಕಟ್ಟೆಯಲ್ಲಿ ತುಳು, ಸಿಟ್ಟು ಬಂದಾಗ ಮೂರೂ. ನಮ್ಮಲ್ಲಿ ನೆಟ್‌ವರ್ಕಿಂಗ್ ಕಲಿಸುವವಳು ಅವಳೇ. ಮಹಡಿಯ ಮೇಲಿನ ಲ್ಯಾಬು ಅವಳದೇ ಕೈಕೂಸು. ಯಾವುದೋ ಕಂಪನಿ ತೆಗೆದುಹಾಕಿದ ಹಳೆಯ ರೂಟರುಗಳನ್ನು ತರಿಸಿ, ಧೂಳು ಒರೆಸಿ, ಒಂದರ ಮೇಲೊಂದು ಕೂರಿಸಿ, ಕಡಬ, ಪುತ್ತೂರು, ಸುಳ್ಯ ಎಂದು ಹೆಸರಿಟ್ಟವಳು ಅವಳು. ನಿಜವಾದ ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕೆಂದು ಗೊತ್ತಲ್ಲ, ನಮ್ಮ ಲ್ಯಾಬಿನಲ್ಲಿ ಮೊಳದುದ್ದದ ವೈರು. ಕಡಬದಿಂದ ಪುತ್ತೂರಿಗೆ ಒಂದು, ಪುತ್ತೂರಿನಿಂದ ಸುಳ್ಯಕ್ಕೆ ಇನ್ನೊಂದು. ಒಂದೊಂದು ವೈರೂ ಇಬ್ಬರ ನಡುವಿನದು ಮಾತ್ರ, ಮೂರನೆಯವರಿಗೆ ಅಲ್ಲಿ ಜಾಗವಿಲ್ಲ.

ನನಗೆ ಆ ವಿದ್ಯೆ ಬಾರದು. ಆದರೆ ಬುತ್ತಿ ಉಣ್ಣುವಾಗ ಅವಳು ಹೇಳಿದ್ದು ನೆನಪಿದೆ.

"ದಾರಿ ಯಾವುದು ಅಂತ ರೂಟರಿಗೆ ನಾವು ಬರ್ದು ಕೊಡುದಲ್ಲ ಸತ್ಯಕ್ಕ. ಅವೇ ಒಂದಕ್ಕೊಂದು ಹೇಳಿಕೊಂಡು ಕಲೀತವೆ. ನೆರೆಮನೆಯವರ ಹಾಗೆ. ನನ್ನ ಆಚೆ ಇಂಥವರ ಮನೆ ಉಂಟು, ಅಲ್ಲಿಗೆ ಹೋಗುದಾದ್ರೆ ನನ್ನ ಅಂಗಳದಲ್ಲೇ ಹೋಗಿ ಅಂತ."

"ನೆರೆಯವರು ಮಾತು ಬಿಟ್ಟರೆ?"

"ಆಗ ದಾರಿಯೂ ಇಲ್ಲ. ಮತ್ತೆ ಹೆಸರು ಹೇಳದೆ ಮಾತಿಲ್ಲ. ನಾನು ಇಂಥವನು ಅಂತ ಹೇಳ್ಬೇಕು, ಆಚೆಯವನ ಹತ್ರ ಆ ಹೆಸರು ಬರ್ದಿಟ್ಟಿರ್ಬೇಕು. ಒಂದಕ್ಷರ ಆಚೀಚೆ ಆದ್ರೂ ಬಾಗಿಲು ತೆಗಿಯುದಿಲ್ಲ."

ಆ ಒಂದಕ್ಷರದಲ್ಲೇ ಅವಳ ಹಗೆಯ ಬೇರು ಇದ್ದದ್ದು.

ಅವಳು ಕಾಲೇಜಿನಲ್ಲಿದ್ದಾಗ ಪ್ರಾಕ್ಟಿಕಲ್ ಪರೀಕ್ಷೆಗೆ ಇದೇ ಬಗೆಯ ಪ್ರಶ್ನೆ ಬಂದಿತ್ತಂತೆ. ಒಂದು ಕಡೆಯ ರೂಟರನ್ನು ಪರೀಕ್ಷಕರೇ ಸಿದ್ಧ ಮಾಡಿಟ್ಟಿದ್ದರು, ಇನ್ನೊಂದು ಕಡೆಯದನ್ನು ಇವಳು ಮಾಡಬೇಕು. ಹೆಸರು ಸುಳ್ಯ. ಇಂಗ್ಲಿಷಿನಲ್ಲಿ ಸುಳ್ಯ ಬರೆಯಲು ಎರಡು ದಾರಿ ಇವೆ. ಸರಕಾರದ ಬೋರ್ಡಿನಲ್ಲಿ ಎಸ್ ಯು, ಎರಡು ಎಲ್, ಐ ಎ. ನಮ್ಮ ಜನ ಬಾಯಲ್ಲಿ ಹೇಳಿದ ಹಾಗೆ ಬರೆದರೆ ಎಸ್ ಯು ಎಲ್ ವೈ ಎ. ಭವಿತಾ ತನ್ನ ಊರನ್ನು ತಾನು ಕರೆಯುವ ಹಾಗೆ ಬರೆದಳು. ಲಿಂಕು ಏಳಲಿಲ್ಲ, ಎರಡು ರೂಟರುಗಳ ನಡುವೆ ಮಾತೇ ಶುರುವಾಗಲಿಲ್ಲ. ಇವಳು ವೈರು ತೆಗೆದು ಹಾಕಿದಳು, ನಂಬರು ನೋಡಿದಳು, ಬೆವರಿದಳು. ಪರೀಕ್ಷಕ ಅವಳ ಹಿಂದೆಯೇ ಕೈಕಟ್ಟಿ ನಿಂತು ಎಲ್ಲವನ್ನೂ ನೋಡುತ್ತಿದ್ದ. ತಪ್ಪು ಅವನಿಗೆ ಆಗಲೇ ಕಂಡಿತ್ತು. ಹೊತ್ತು ಮುಗಿದ ಮೇಲೆ ತರಗತಿಗೆಲ್ಲ ಕೇಳುವ ಹಾಗೆ, "ತನ್ನ ಊರಿನ ಹೆಸರು ಬರೀಲಿಕ್ಕೆ ಬಾರದವಳು ಲೋಕಕ್ಕೆ ದಾರಿ ತೋರಿಸ್ಲಿಕ್ಕೆ ಹೊರಟಿದ್ದಾಳೆ" ಎಂದ. ಎಲ್ಲರೂ ನಕ್ಕರು. ಅವಳು ಫೇಲಾಗಿ ಒಂದು ವರ್ಷ ಮನೆಯಲ್ಲಿ ಕೂತಳು. ಕಾಯುತ್ತಿದ್ದ ಕೆಲಸವೊಂದು ಕೈತಪ್ಪಿತು. ನಮ್ಮ ಲ್ಯಾಬಿನ ಮೂರನೆಯ ರೂಟರಿಗೆ ಅವಳು ಬೇಕೆಂದೇ ಎಸ್ ಯು ಎಲ್ ವೈ ಎ ಎಂದು ಹೆಸರಿಟ್ಟದ್ದು ಆ ಸಿಟ್ಟಿಗೆ.

ಆ ಪರೀಕ್ಷಕನ ಹೆಸರು ಶೈಲೇಶ್. ಕಳೆದ ಜೂನಿನಲ್ಲಿ ಅವನು ನಮ್ಮ ಕೇಂದ್ರಕ್ಕೇ ಕೆಲಸಕ್ಕೆ ಬಂದ.

ನಮ್ಮ ಮಾಲೀಕರು ಅಚ್ಚುತಣ್ಣ ಒಳ್ಳೆಯ ಮನುಷ್ಯ, ಆದರೆ ಟೈ ಕಟ್ಟಿದವರನ್ನು ಕಂಡರೆ ಎದ್ದು ನಿಲ್ಲುತ್ತಾರೆ. ಶೈಲೇಶ್ ಟೈ ಕಟ್ಟುತ್ತಿದ್ದ. ಬಂದ ವಾರವೇ ಲ್ಯಾಬಿನ ಬೀಗದ ಕೈ ಅವನ ಜೇಬು ಸೇರಿತು. ಭವಿತಾಳನ್ನು "ಏನಮ್ಮಾ" ಎಂದು ಕರೆಯಲು ಶುರು ಮಾಡಿದ.

"ನಿನ್ನ ಗುರ್ತ ಸಿಕ್ಕಿದೆಯಾ ಅವನಿಗೆ?" ಎಂದು ಕೇಳಿದೆ.

"ಸಿಕ್ಕದೆ ಇರ್ತದಾ? ಗೊತ್ತಿಲ್ಲದ ಹಾಗೆ ಮಾಡುದು. ಮಾಡ್ಲಿ."

ಆ "ಮಾಡ್ಲಿ" ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ಇವನನ್ನು ಅವಳು ಸುಮ್ಮನೆ ಬಿಡುವವಳಲ್ಲ ಎಂದು ಗೊತ್ತಿತ್ತು.

ನವೆಂಬರಿನಲ್ಲಿ ಸಂದರ್ಭ ತಾನಾಗಿ ಬಂತು. ನಮ್ಮ ಲ್ಯಾಬನ್ನು ಪರೀಕ್ಷಾ ಕೇಂದ್ರ ಮಾಡಲು ಮಂಗಳೂರಿನಿಂದ ಝಾಕಿರ್ ಎಂಬ ಅಧಿಕಾರಿ ನೋಡಲು ಬರುವುದೆಂದಾಯಿತು. ಲ್ಯಾಬಿಗೆ ಒಬ್ಬ ಮುಖ್ಯಸ್ಥ ಬೇಕು. ಅಚ್ಚುತಣ್ಣ ಜವಾಬ್ದಾರಿ ಜಾರಿಸಿಕೊಂಡು, "ಝಾಕಿರ್ ಸರ್ ಯಾರನ್ನು ಹೇಳ್ತಾರೋ ಅವರೇ" ಎಂದುಬಿಟ್ಟರು. ಶೈಲೇಶ್ ಆಗಲೇ ತನ್ನ ಹೆಸರಿನ ಬೋರ್ಡು ಬರೆಸಲು ಕೊಟ್ಟಿದ್ದ. ಭವಿತಾ ನನ್ನೊಡನೆ ಅಂದದ್ದು ಇಷ್ಟೇ: "ಅವನ ಕೈಕೆಳಗೆ ಒಂದು ದಿನವೂ ನಿಲ್ಲುದಿಲ್ಲ ಸತ್ಯಕ್ಕ. ನಾನು ಕಟ್ಟಿದ ಲ್ಯಾಬು ಬಿಟ್ಟು ನಾನೇ ಹೋಗ್ಬೇಕಾಗ್ತದೆ."

ಅಧಿಕಾರಿ ಬರುವ ಹಿಂದಿನ ಸಂಜೆ ಶೈಲೇಶ್ ಲ್ಯಾಬನ್ನು ಅಂದಗೊಳಿಸಿದ. ಕಿಟಕಿಯ ಪರದೆ ಒಗೆಸಿದ, ವೈರುಗಳನ್ನು ಕಟ್ಟಿದ. ಮೂರನೆಯ ರೂಟರಿನ ಹೆಸರು ಅವನ ಕಣ್ಣಿಗೆ ಬಿತ್ತು. "ಛೆ, ದೊಡ್ಡವರು ಬರುವಾಗ ಇಂಥ ಸ್ಪೆಲ್ಲಿಂಗ್ ಇಟ್ಟುಕೊಂಡರೆ ಮರ್ಯಾದೆ ಹೋಗ್ತದೆ" ಎಂದು ನಾನು ಅಲ್ಲಿ ನಿಂತಿರುವಾಗಲೇ ಅದನ್ನು ತಿದ್ದಿ, ಎರಡು ಎಲ್ ಹಾಕಿ, ಸೇವ್ ಮಾಡಿದ. ಆಗ ಏನೂ ಆಗಲಿಲ್ಲ, ಎದ್ದ ಲಿಂಕು ಎದ್ದೇ ಇತ್ತು. ಆಮೇಲೆ ಎಲ್ಲದರ ಸ್ವಿಚ್ಚು ಆರಿಸಿ ಮನೆಗೆ ಹೋದ.

ಬೆಳಿಗ್ಗೆ ಸ್ವಿಚ್ಚು ಹಾಕಿದಾಗ ಸುಳ್ಯ ಬಾಗಿಲಿಗೆ ಬಂದು ತನ್ನ ಹೊಸ ಹೆಸರು ಹೇಳಿತು. ಪುತ್ತೂರಿನ ಹತ್ತಿರ ಬರೆದಿಟ್ಟದ್ದು ಹಳೆಯ ಹೆಸರು. ಬಾಗಿಲು ತೆರೆಯಲಿಲ್ಲ. ಭವಿತಾ ಕಂಪ್ಯೂಟರಿನ ಪರದೆ ನೋಡಿದಳು, ನನ್ನ ಮುಖ ನೋಡಿದಳು, ಏನೂ ಅನ್ನದೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತಳು. ನಾನೂ ಬಾಯಿ ಬಿಡಲಿಲ್ಲ.

ಝಾಕಿರ್ ಸರ್ ಬಂದರು. ಸಣ್ಣ ಮೈಕಟ್ಟಿನ, ಮೆಲ್ಲಗೆ ಮಾತನಾಡುವ ಮನುಷ್ಯ. ಕಡಬದಿಂದ ಸುಳ್ಯಕ್ಕೆ ದಾರಿ ತೋರಿಸಿ ಎಂದರು. ಕಡಬಕ್ಕೆ ಪುತ್ತೂರು ಗೊತ್ತಿತ್ತು, ಸುಳ್ಯ ಎಂಬ ಊರು ಭೂಮಿಯ ಮೇಲಿದೆ ಎಂಬುದೇ ಗೊತ್ತಿರಲಿಲ್ಲ. ಶೈಲೇಶ್ ವೈರು ಕಿತ್ತು ಬೇರೆ ಹಾಕಿದ. ರೂಟರು ಆರಿಸಿ ಹಾಕಿದ. ಟೈ ಸಡಿಲಿಸಿದ. "ಹಳೆ ಪೆಟ್ಟಿಗೆ ಸರ್ ಇದು, ಸುಳ್ಯದ್ದು ಯಾವಾಗ್ಲೂ ಹೀಗೇ" ಎಂದು ನಗಲು ನೋಡಿದ. ಝಾಕಿರ್ ಸರ್ ನಗಲಿಲ್ಲ. ಹಿಂದೆ ತಿರುಗಿ, "ಮೇಡಂ, ನಿಮಗೆ ಎಂತಾದ್ರೂ ಕಾಣ್ತದಾ?" ಎಂದು ಕೇಳಿದರು.

ಭವಿತಾ ಕೂತಲ್ಲಿಂದಲೇ ಹೇಳಿದಳು. "ಹೆಸರು ತಾಳೆ ಆಗುದಿಲ್ಲ ಸರ್. ಮೊದಲು ಎಂತ ಇತ್ತೋ ಅದನ್ನೇ ಹಾಕಿದ್ರೆ ಆಯ್ತು. ಶೈಲೇಶ್ ಸರೇ ಹಾಕ್ಲಿ. ಎಸ್, ಯು, ಎಲ್, ವೈ, ಎ."

ಅವಳು ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು, ಅವನು ಒಂದೊಂದೇ ಒತ್ತಿದ. ಅಂಗನವಾಡಿಯಲ್ಲಿ ಮಗುವಿಗೆ ಬರೆಸಿದ ಹಾಗಿತ್ತು. ಲಿಂಕು ಎದ್ದಿತು. ಸ್ವಲ್ಪ ಹೊತ್ತಿನಲ್ಲಿ ಕಡಬಕ್ಕೂ ಸುಳ್ಯದ ದಾರಿ ಸಿಕ್ಕಿತು. ನನ್ನ ಹೊಟ್ಟೆ ತಣ್ಣಗಾಯಿತು. ಅಲ್ಲಿಗೆ ಅವನು ಸುಮ್ಮನಿದ್ದಿದ್ದರೆ ಬದುಕಿಕೊಳ್ಳುತ್ತಿದ್ದ.

ಆದರೆ ಅವನು ಟೈ ಬಿಗಿದುಕೊಂಡು, "ಅದು ನಾನೇ ಬೇಕೂಂತ ಹಾಕಿಟ್ಟ ಫಾಲ್ಟು ಸರ್. ನಮ್ಮ ಸ್ಟಾಫಿಗೆ ಗೊತ್ತಾಗ್ತದಾ ಅಂತ ನೋಡ್ಲಿಕ್ಕೆ" ಎಂದ. ನನಗೆ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಟ್ರೇಯ ಚಹಾವನ್ನು ಅವನ ತಲೆಯ ಮೇಲೆ ಸುರಿಯಬೇಕು ಅನ್ನಿಸಿತು.

ಝಾಕಿರ್ ಸರ್ ತಲೆಯಾಡಿಸಿದರು. "ಒಳ್ಳೇದು. ಹಾಗಾದ್ರೆ ಈಗ ಮೇಡಂ ಒಂದು ಹಾಕ್ಲಿ, ನೀವು ಹುಡುಕಿ. ನೀವು ಸ್ವಲ್ಪ ಹೊರಗೆ ನಿಲ್ಲಿ."

ಅವನು ಹೊರಗೆ ಹೋದ. ಬಾಗಿಲು ಹಾಕಿಕೊಂಡಿತು. ಭವಿತಾ ಬಂದು ಕೀಬೋರ್ಡಿನ ಮುಂದೆ ಕೂತಳು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಳು. ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಝಾಕಿರ್ ಸರ್ ಅವಳನ್ನೇ ನೋಡುತ್ತಿದ್ದರು.

"ಎಂತ ಮೇಡಂ, ಹಾಕುದಿಲ್ವಾ?"

"ಇಲ್ಲ ಸರ್. ಎಲ್ಲ ಸರಿ ಉಂಟು ಅಂತ ಹೇಳ್ಲಿಕ್ಕೂ ಗೊತ್ತಿರ್ಬೇಕಲ್ಲ. ಅವರು ಹಾಗೆ ಹೇಳಿದ್ರೆ ಅವರೇ ಮುಖ್ಯಸ್ಥರಾಗ್ಲಿ, ನಾನು ನಾಳೆಯಿಂದ ಬರುದಿಲ್ಲ."

ಝಾಕಿರ್ ಸರ್ ಚಹಾದ ಲೋಟ ಎತ್ತಿಕೊಂಡು, "ಆಯ್ತು, ಕರೀರಿ" ಎಂದರು. ಮಾರಾಯ್ತಿ, ಎಂಥ ಕೆಲಸ ಮಾಡಿದೆ, ಎಲ್ಲ ಸರಿ ಉಂಟು ಅಂತ ಕಣ್ಣಿದ್ದ ಯಾವನಾದರೂ ಹೇಳಿಯಾನು ಎಂದು ಅವಳ ಕಿವಿಯಲ್ಲಿ ಹೇಳಬೇಕೆನ್ನಿಸಿತು. ಆದರೆ ಅವನನ್ನು ಅವಳು ನನಗಿಂತ ಚೆನ್ನಾಗಿ ಬಲ್ಲವಳು.

ಭವಿತಾ ಎದ್ದು ಹಿಂದೆ ನಿಂತಳು, ಶೈಲೇಶ್ ಕೂತ. ಕಡಬ ನೋಡಿದ, ಸರಿ ಇತ್ತು. ಪುತ್ತೂರು ನೋಡಿದ, ಸರಿ. ಸುಳ್ಯದ ಹೆಸರಿನ ಅಕ್ಷರಗಳನ್ನು ಬೆರಳಿಟ್ಟು ಎಣಿಸಿದ, ಸರಿಯೇ. ಆ ತುದಿಯಿಂದ ಈ ತುದಿಗೆ ಕಳಿಸಿದ್ದೆಲ್ಲ ಹೋಗಿ ತಲುಪುತ್ತಿತ್ತು. ಒಂದು ಮಾತು ಹೇಳಿದ್ದರೆ ಗೆದ್ದಿದ್ದ. ಆದರೆ ಕೈಗೆ ಸಿಕ್ಕಿದವನನ್ನು ಯಾರಾದರೂ ಹಾಗೇ ಬಿಡುತ್ತಾರೆ ಎಂದು ನಂಬುವ ಗುಣ ಅವನಲ್ಲಿರಲಿಲ್ಲ. ತಾನು ಬಿಡುತ್ತಿರಲಿಲ್ಲವಲ್ಲ. ಎಲ್ಲ ಸರಿ ಕಂಡಷ್ಟೂ ಅವನು ಹೆದರಿದ. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ.

ರೂಟರುಗಳು ಒಂದಕ್ಕೊಂದು ಆಗಾಗ "ಇದ್ದೇನೆ" ಎಂದು ಹೇಳಿಕೊಳ್ಳುತ್ತಿರಬೇಕು. ಎಷ್ಟು ಹೊತ್ತಿಗೊಮ್ಮೆ ಎಂಬ ಲೆಕ್ಕ, ಅಂದರೆ ಟೈಮರು, ಎರಡೂ ಕಡೆ ಒಂದೇ ಇರಬೇಕು, ಇಲ್ಲದಿದ್ದರೆ ನೆಂಟಸ್ತಿಕೆ ಮುರಿಯುತ್ತದೆ. ಶೈಲೇಶನ ಕಣ್ಣು ಹೋಗಿ ಹೋಗಿ ಆ ಲೆಕ್ಕದ ಮೇಲೆ ನಿಂತಿತು. ಇದೇ ಇರಬೇಕು ಎಂದುಕೊಂಡನೋ ಏನೋ, ಪುತ್ತೂರಿನಲ್ಲಿ ಅದನ್ನು ಬದಲಿಸಿದ. ಸುಳ್ಯದಲ್ಲಿ ನೋಡಲಿಲ್ಲ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು, ಸುಳ್ಯ ಮತ್ತೆ ಕಾಣದಾಯಿತು.

"ಸಿಕ್ಕಿತು ಸರ್!" ಅವನು ಕುರ್ಚಿಯಿಂದ ಅರ್ಧ ಎದ್ದ. "ನೋಡಿ, ಸುಳ್ಯ ಬಿದ್ದಿದೆ. ಟೈಮರು ಹಾಳು ಮಾಡಿದ್ದಾಳೆ. ನಾನು ಹೇಳ್ಲಿಲ್ವಾ!"

ಝಾಕಿರ್ ಸರ್ ಲೋಟ ಕೆಳಗಿಟ್ಟರು. "ಮೇಡಂ, ನೀವು ಹಾಕಿದ್ದು ಇದೇನಾ?"

"ನಾನು ಎಂತದೂ ಹಾಕ್ಲಿಲ್ಲ ಸರ್, ನೀವೇ ನೋಡಿದ್ದೀರಿ. ಸರಿ ಇದ್ದದ್ದನ್ನು ಈಗ ಹಾಳು ಮಾಡಿದ್ದು ಅವರೇ."

ನಾನು ನಕ್ಕೆ. ತಡೆದುಕೊಳ್ಳಲು ನೋಡಲೇ ಇಲ್ಲ. ಆ ತರಗತಿಯಲ್ಲಿ ಅಂದು ಯಾರು ಯಾರು ನಕ್ಕಿದ್ದರೋ ಅವರೆಲ್ಲರ ಪಾಲಿನದನ್ನೂ ಸೇರಿಸಿ ನಕ್ಕೆ. ಝಾಕಿರ್ ಸರ್ ಅಚ್ಚುತಣ್ಣನನ್ನು ಒಳಗೆ ಕರೆಸಿ, ಲ್ಯಾಬು ಒಳ್ಳೆಯದಿದೆ, ಮಂಜೂರು ಮಾಡುತ್ತೇನೆ, ಮುಖ್ಯಸ್ಥೆ ಈ ಮೇಡಂ ಎಂದು ಹೇಳಿ ಕಾರು ಹತ್ತಿದರು.

ನಾವು ಮೂವರೇ ಉಳಿದೆವು. ಶೈಲೇಶ್ ಕುರ್ಚಿಯಿಂದ ಎದ್ದಿರಲಿಲ್ಲ.

"ಎಲ್ಲ ಸರಿ ಉಂಟು ಅಂತ ಒಂದು ಮಾತು ಹೇಳ್ಬಾರದಿತ್ತಾ?" ಎಂದ. "ನಾನು ಅಷ್ಟು ಬೆವರುದನ್ನು ನೋಡಿಕೊಂಡು ಹಿಂದೆ ನಿಂತಿದ್ದಿ."

"ಅವತ್ತು ನೀವು ನನಗೆ ಹೇಳಿದ್ರಾ ಸರ್? ನೀವೂ ನನ್ನ ಹಿಂದೆಯೇ ನಿಂತಿದ್ರಿ."

ಶೈಲೇಶ್ ತಲೆಯೆತ್ತಿ ಅವಳನ್ನು ನೋಡಿದ. ಅವನು ನಟಿಸುತ್ತಿರಲಿಲ್ಲ. ಅದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು.

"ಯಾವತ್ತು?" ಎಂದು ಕೇಳಿದ.

ಇಷ್ಟು ವರ್ಷ ಅವಳು ಹೊತ್ತು ತಿರುಗಿದ್ದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಭವಿತಾಳ ಮುಖದ ಬಣ್ಣ ಇಳಿಯಿತು. ಅಷ್ಟು ದೊಡ್ಡ ಗೆಲುವಿನ ದಿನ ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ನನ್ನ ನಗುವೂ ಅಲ್ಲಿಗೇ ನಿಂತಿತು. ಅವಳು ಅವನು ಮೇಜಿನ ಮೇಲಿಟ್ಟಿದ್ದ ಲ್ಯಾಬಿನ ಬೀಗದ ಕೈ ತೆಗೆದುಕೊಂಡಳು.

"ನಾಳೆ ಕೆಲಸ ಬಿಡ್ತೇನೆ ಅಂತ ಅಚ್ಚುತಣ್ಣನ ಹತ್ರ ಹೋಗ್ಬೇಡಿ ಸರ್" ಎಂದಳು. "ನಾನು ಬಿಡುದಿಲ್ಲ. ಯಾವತ್ತು ಅಂತ ನೆನಪಾಗುವ ತನಕ ನೀವು ಇಲ್ಲೇ ಇರ್ಬೇಕು, ನನ್ನ ಕೈಕೆಳಗೆ."