ಬಜ್ಜಿಯಂಗಡಿ ಸೇರಿದ ಹೆಸರಿಲ್ಲದ ಚಿತ್ರಕಾರ

ಗೆಳೆಯರೇ, ಇಂದು ಗುಡಗೇರಿಯ ಸಂತೆಯಲ್ಲಿ ಬಜ್ಜಿ ಮಾರುವ ಗಂಗವ್ವ, ಮೂವತ್ತು ವರ್ಷ ಹಳೆಯ ಶಾಲಾಪುಸ್ತಕವೊಂದನ್ನು ಪೊಟ್ಟಣಕ್ಕೆಂದು ಹರಿಯುತ್ತಿದ್ದಳು. ಉಡಿಯಲ್ಲಿ ಬೀಜ ಕಟ್ಟಿಕೊಂಡು ಕೂರಿಗೆಯ ಹಿಂದೆ ಬಿತ್ತುತ್ತ ನಡೆಯುವ ಹೆಂಗಸಿನ ಚಿತ್ರ ಕಂಡೊಡನೆ ನಾನು ಕೂಗಿದೆ: "ಹರೀಬ್ಯಾಡವ್ವಾ, ಆ ಚಿತ್ರ ನನಗ ಕೊಡು!"

ಅವಳೂ ನೋಡಿದಳು. "ಉಡಿ ಕಟ್ಟಿದ್ದು ನೋಡ್ರಿ ಮಾಸ್ತರ್ರ, ಅಗದಿ ನಮ್ಮವ್ವನಂಗ! ತಗದವ್ರು ಯಾರ್ರೀ?"

ಪುಸ್ತಕದಲ್ಲಿ ಪಾಠ ಬರೆದವರ ಹೆಸರಿತ್ತು, ಮುದ್ರಿಸಿದವರ ಹೆಸರೂ ಇತ್ತು. ಚಿತ್ರಕಾರನದು ಮಾತ್ರ ಇರಲಿಲ್ಲ. ಹಾಗೆಂದೇ ಹೇಳಿದೆ.

"ಯಾರರ ಇರಲಿ, ಹೊಲ ಕಂಡ ಮನಷ್ಯಾ. ಚಿತ್ರ ನಾ ಕೊಡಂಗಿಲ್ರಿ. ಪಾಠ ನೀವ ಒಯ್ರಿ."

ಕಡಲೆಹಿಟ್ಟನ್ನೇ ಹಚ್ಚಿ, ಚಿತ್ರವನ್ನು ಅಂಗಡಿಯ ಹಲಗೆಗೆ ಅಂಟಿಸಿದಳು. ಒಂದೂ ತಪ್ಪಿಲ್ಲದ ಕನ್ನಡದ ಆ ಪಾಠವು ನಾಲ್ಕು ಬಜ್ಜಿಗಳನ್ನು ಹೊತ್ತು, ಎಣ್ಣೆ ಕುಡಿಯುತ್ತ, ನನ್ನೊಡನೆ ಮನೆಗೆ ಬಂದಿತು.