ಸೊಸೆಯ ಶಿಷ್ಯೆ

ಅತ್ತೆ ಸೊಸೆಯ ಕಾಲಿಗೆ ಬೀಳುವುದುಂಟೇ? ನನಗೆ ಮೊದಲು ಹುಟ್ಟಿದ್ದು ಈ ಕೆಟ್ಟ ಕುತೂಹಲ.

ಶಿರಸಿ ಪೇಟೆಯ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಅಭಿಜ್ಞಾ ಭರತನಾಟ್ಯ ಕಲಿಸುತ್ತಾಳೆ. ನನ್ನ ಮಗಳೂ ಅಲ್ಲೇ ಕಲಿಯುವುದು. ಮಕ್ಕಳ ಸಾಲಿನ ಕೊನೆಗೆ ನಿಲ್ಲುವವರು ಅವಳ ಅತ್ತೆ, ಹೆಗಡೆಕಟ್ಟಾದ ವೇದಕ್ಕ. ಸೊಸೆಯ ಸ್ಕೂಟಿ ಹಿಂದೆ ಕೂತು ದಾರಿಯುದ್ದಕ್ಕೂ "ನಿಧಾನ, ನಿಧಾನ" ಎಂದು ಗದರುತ್ತ ಬರುತ್ತಾರೆ; ಮೆಟ್ಟಿಲು ಹತ್ತಿದ ಮೇಲೆ ಸೆರಗು ಸಿಕ್ಕಿಸಿ ಸುಮ್ಮನೆ ನಿಲ್ಲುತ್ತಾರೆ. ಉಮ್ಮಚಗಿಯ ತವರಿನಲ್ಲಿ ಚಿಕ್ಕವರಿದ್ದಾಗ ಕಲಿಯುವ ಹುಚ್ಚಿತ್ತಂತೆ, ಕಲಿಸುವವರಿರಲಿಲ್ಲ. ಗೆಜ್ಜೆ ಕಟ್ಟುವ ಸೊಸೆ ಮನೆಗೆ ಬಂದದ್ದೇ ಹಳೇ ಹುಚ್ಚು ಎದ್ದು ಕೂತಿತು.

ಪಾಠದ ಮೊದಲು ಮಕ್ಕಳೆಲ್ಲ ಗುರುವಿನ ಕಾಲು ಮುಟ್ಟುತ್ತಾರೆ. ವೇದಕ್ಕ ಬಗ್ಗಿದರೆ ಅಭಿಜ್ಞಾ ಹಿಂದೆ ಸರಿದುಬಿಡುತ್ತಿದ್ದಳು. "ಅತ್ತೆ, ನಿಂಗ ಹಾಂಗೆಲ್ಲ ಮಾಡ್ಲಾಗ." ಮಕ್ಕಳು ತಪ್ಪಿದರೆ ಕೋಲು ಬಡಿದು ಬೈಯುವವಳು ಅತ್ತೆಯ ತಪ್ಪಿಗೆ ಮಾತ್ರ ಕಿಟಕಿ ನೋಡುತ್ತಿದ್ದಳು.

ಹೀಗೇ ವರ್ಷಗಳು ಕಳೆದು ವೇದಕ್ಕನ ರಂಗಪ್ರವೇಶಕ್ಕೆ ದಿನ ಗೊತ್ತಾಯಿತು. ಅಭಿನಂದಿಸಲು ಹೋದರೆ ಅವರ ಮುಖವೇ ಸರಿಯಿರಲಿಲ್ಲ. ಯಾರ ಮನೆಯ ಊಟದಲ್ಲೂ ಸಾರಿಗೆ ಉಪ್ಪು ಸಾಲದಿದ್ದರೆ ಅಲ್ಲೇ ಹೇಳಿಬಿಡುವ ಹೆಂಗಸು, ಅಂದು ಸೊಸೆಯನ್ನೂ ನೇರವಾಗಿಯೇ ಕೇಳಿದರು.

"ಹುಡ್ರಿಗೆಲ್ಲ ಬೈತೆ. ಎನಗೆಂತಕ್ಕೆ ಬೈತಿಲ್ಲೆ? ಎನ್ನ ಕುಣಿತ ಅಷ್ಟು ಚೊಲೋ ಇದ್ದಾ?"

ಅಭಿಜ್ಞಾ ತಲೆ ತಗ್ಗಿಸಿದಳು. "ಇಲ್ಲೆ."

"ಹಂಗಾರೆ ಅತ್ತೆ ಆದ ಕಾರಣಕ್ಕೆ ವೇದಿಕೆ ಹತ್ತಿಸ್ತೆ? ಆ ಉಪಕಾರ ಎನಗೆ ಬೇಡ ಕೂಸೆ. ಕಲಿಸು, ಇಲ್ಲದಿದ್ರೆ ಕಾರ್ಯಕ್ರಮ ಬಿಟ್ಟುಬಿಡನ."

ಹೀಗೆಂದವರೇ ಅವಳು ಸರಿಯುವ ಮೊದಲೇ ಕಾಲು ಹಿಡಿದುಬಿಟ್ಟರು. ಮಕ್ಕಳು ಕಿಸಕ್ಕೆಂದರು. ಸತ್ಯ ಹೇಳುತ್ತೇನೆ, ನಾನೂ ಬಾಗಿಲಿಂದ ಕತ್ತು ಚಾಚಿದೆ. ಅಭಿಜ್ಞಾ ಕಣ್ಣೊರೆಸಿಕೊಂಡು ಕೋಲು ಕೈಗೆ ತೆಗೆದುಕೊಂಡಳು.

"ಅರೆಮಂಡಿಲಿ ಮಂಡಿ ಬಗ್ಗಿದ್ದೇ ಇಲ್ಲೆ ಅತ್ತೆ. ಇನ್ನೂ ಕೆಳಗೆ. ಮೊದಲಿಂದ!"

ಮತ್ತೆ ಅವರಿಗೆ ಬಿಡುವೇ ಸಿಗಲಿಲ್ಲ. ಮನೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕುತ್ತಿದ್ದವಳೂ ಅದೇ ಸೊಸೆ. ಬೈಗುಳ ತಿಂದು ಮೆಟ್ಟಿಲಿಳಿಯುವ ವೇದಕ್ಕ ಮಾತ್ರ ಹಬ್ಬದೂಟ ಮುಗಿಸಿದವರ ಹಾಗೆ ಕಾಣುತ್ತಿದ್ದರು. ಇದೆಂಥ ಸುಖವೋ ನನಗೆ ತಿಳಿಯಲಿಲ್ಲ.

ರಂಗಪ್ರವೇಶ ಮುಗಿದ ಮೇಲೆ ನೆಂಟರಿಷ್ಟರೆಲ್ಲ ಸುತ್ತುವರಿದು ಹೊಗಳಿದರು. ನಾನೂ ಬಾಯಿತುಂಬ ಹೊಗಳಿದೆ. ವೇದಕ್ಕ "ಹೌದಾ, ಹೌದಾ" ಎನ್ನುತ್ತ ನಮ್ಮನ್ನೆಲ್ಲ ದಾಟಿ, ತಾಳ ಕಟ್ಟಿಡುತ್ತಿದ್ದ ಸೊಸೆಯ ಮುಂದೆ ಹೋಗಿ ನಿಂತರು.

"ಹೆಂಗಾತು?"

"ವರ್ಣದಲ್ಲಿ ಎರಡು ಕಡೆ ಮಂಡಿ ಮೇಲೆ ಬಂತು," ಎಂದಳು ಅಭಿಜ್ಞಾ. "ತಿಲ್ಲಾನ ಚೊಲೋ ಆತು ಅತ್ತೆ. ಭಾಳ ಚೊಲೋ ಆತು."

ವೇದಕ್ಕ ಗೆಜ್ಜೆ ಬಿಚ್ಚದೆ ಅಲ್ಲೇ ಕೂತು ಅಳತೊಡಗಿದರು. ನಾವಷ್ಟು ಹೊಗಳಿದರೂ ಅವರ ಕಣ್ಣಲ್ಲಿ ಒಂದು ಹನಿಯೂ ಬಂದಿರಲಿಲ್ಲ.